ಹಂಚಿ ನುಂಗಿದ ಮಾತ್ರೆಗಳೂ ಚಂದ್ರಕಲಾ ಮೇಡಂ ಅವರ ಲೆಕ್ಕವೂ

ಹೊಸ ಔಷಧವೊಂದು ನಿಜಕ್ಕೂ ಗುಣ ಕೊಡುತ್ತದೆಯೇ ಎಂಬುದನ್ನು ವೈದ್ಯರು ಸಾರುವ ಮೊದಲು ಸಂಖ್ಯಾಶಾಸ್ತ್ರಜ್ಞರು ಒಪ್ಪಬೇಕಾಗುತ್ತದೆ. ಹಾಗೆ ಒಪ್ಪುವಲ್ಲಿ ಬಿಗಿಯಾಗಿಯೂ, ಮನುಷ್ಯರ ವಿಷಯದಲ್ಲಿ ಮೃದುವಾಗಿಯೂ ನಡೆದುಕೊಂಡವರು, ಹಿಂದೂಪುರದಲ್ಲಿ ಮೂವತ್ತೊಂದು ವರ್ಷ ಪಾಠ ಹೇಳಿ ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಗುರುಗಳಾದ ಪ್ರೊ. ಚಂದ್ರಕಲಾ ಅವರು. ಔಷಧ ಪ್ರಯೋಗಗಳ ವಿಶ್ಲೇಷಣೆಗೆ ಅವರು ರೂಪಿಸಿದ ವಿಧಾನವನ್ನು ಇಂದು ಎಷ್ಟೋ ದೇಶಗಳ ಸಂಶೋಧಕರು ಅನುಸರಿಸುತ್ತಾರೆ. ಅದರ ಹುಟ್ಟಿಗೆ ಕಾರಣವಾದದ್ದು ನನ್ನದೊಂದು ತಪ್ಪು ಎಂಬುದನ್ನು ಮಾತ್ರ ಮೇಡಂ ಎಲ್ಲಿಯೂ ಹೇಳಿಲ್ಲ.

ಹನ್ನೊಂದು ವರ್ಷಗಳ ಹಿಂದೆ, ನಾನು ಅವರ ಸಂಶೋಧನ ವಿದ್ಯಾರ್ಥಿನಿಯಾಗಿದ್ದಾಗ, ಕಲ್ಯಾಣದುರ್ಗದ ಸುತ್ತ ರಕ್ತಹೀನತೆಯ ಹೊಸ ಮಾತ್ರೆಯೊಂದರ ಪ್ರಯೋಗ ನಡೆಯಿತು. ಚೀಟಿ ಎತ್ತಿ ಕೆಲವು ಹೆಂಗಸರಿಗೆ ಹೊಸ ಮಾತ್ರೆ, ಉಳಿದವರಿಗೆ ಹಳೆಯದು. ಮನೆ ಯಾವುದೆಂದು ನೋಡದೆ ಒಬ್ಬೊಬ್ಬರಿಗೂ ಬೇರೆ ಚೀಟಿ ಎತ್ತುವ ಏರ್ಪಾಡು ನನ್ನದು. ಎರಡು ವರ್ಷ ಕಳೆದು ನೋಡಿದರೆ ಗುಂಪುಗಳ ನಡುವೆ ವ್ಯತ್ಯಾಸವೇ ಇಲ್ಲ! ಕಾರಣ ಹುಡುಕುತ್ತ, ಪ್ರಯೋಗ ನಡೆದ ಊರುಗಳಲ್ಲೊಂದಾದ ಕಂಬದೂರಿಗೆ ಹೋದೆ. ಅಲ್ಲಿ ಒಂದೇ ಮನೆಯ ವಾರಗಿತ್ತಿಯರಾದ ಗೌರಕ್ಕನಿಗೆ ಹೊಸದೂ ನಾಗಕ್ಕನಿಗೆ ಹಳೆಯದೂ ಬಂದಿದ್ದವು.

"ಅವ್ಳನ್ನ ಬಿಟ್ಟು ನಾನೊಬ್ಳೇ ಹೆಂಗೆ ನುಂಗ್ಲಿ ಕಣಮ್ಮ? ಒಂದಿನ ನಾನು ಹೊಸದು, ಒಂದಿನ ಅವ್ಳು," ಎಂದಳು ಗೌರಕ್ಕ.

"ನಮ್ಮ ಬೀದೀಲೆಲ್ಲಾ ಅಂಗೇಯಾ," ಎಂದು ನಾಗಕ್ಕ ಸಂತೋಷದಿಂದ ಸೇರಿಸಿದಳು.

ನನ್ನ ಪಿಎಚ್.ಡಿ. ಮಣ್ಣುಪಾಲಾಯಿತೆಂದೇ ತಿಳಿದು ಹಿಂದೂಪುರಕ್ಕೆ ಮರಳಿ ಎಲ್ಲವನ್ನೂ ಒಪ್ಪಿಸಿದೆ. ಮೇಡಂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಅವರದೇನೂ ತಪ್ಪಿಲ್ಲ ಕಣೆ, ಶ್ರೀಲತಾ. ಜನ ಹಂಚ್ಕೊಂಡು ತಿಂತಾರೆ ಅನ್ನೋದು ನಮ್ಮ ಲೆಕ್ಕಕ್ಕೇ ಹೊಳೀಲಿಲ್ಲ, ನೋಡು."

ಪ್ರಯೋಗದ ಸಮಿತಿಯಲ್ಲಿ ಹಿರಿಯರೊಬ್ಬರು, ಹಂಚಿಕೊಂಡ ಮನೆಗಳನ್ನು ಪಟ್ಟಿಯಿಂದ ಸದ್ದಿಲ್ಲದೆ ಕೈಬಿಡಲು ಸೂಚಿಸಿದರು. ನನ್ನ ಮನಸ್ಸೂ ಅತ್ತಲೇ ವಾಲಿತ್ತು. ಮೇಡಂ ಎದ್ದು ನಿಂತು, "ಹಾಗೆ ಮಾಡಿದರೆ ನಮಗೆ ಬೇಕಾದ ಉತ್ತರ ಸಿಗುತ್ತೆ ಸಾರ್, ನಿಜ ಸಿಗೋದಿಲ್ಲ. ಏರ್ಪಾಡಿನ ತಪ್ಪು ನನ್ನದು," ಎಂದರು. ನನ್ನ ಹೆಸರು ಅವರ ಬಾಯಿಂದ ಹೊರಡಲೇ ಇಲ್ಲ.

ಮರುವರ್ಷ, ಒಂದೊಂದು ಊರಿಗೆ ಒಂದೇ ಬಗೆಯ ಮಾತ್ರೆ ಎಂದು ಗೊತ್ತುಮಾಡಿ ಪ್ರಯೋಗವನ್ನು ಮೊದಲಿನಿಂದ ನಡೆಸಿದೆವು. ಹೊಸ ಮಾತ್ರೆ ಗೆದ್ದಿತು. ಕೆಟ್ಟುಹೋದವೆಂದುಕೊಂಡಿದ್ದ ಹಳೆಯ ದಾಖಲೆಗಳನ್ನೂ ಅವರು ಎಸೆಯಲಿಲ್ಲ. ಔಷಧ ಕೈಯಿಂದ ಕೈಗೆ ದಾಟಿದಾಗಲೂ ಅದರ ನಿಜವಾದ ಗುಣವನ್ನು ಅಂದಾಜು ಮಾಡುವ ಪ್ರಸಿದ್ಧ ವಿಧಾನ ಮೂಡಿದ್ದು ಆ ದಾಖಲೆಗಳಿಂದಲೇ. ಆ ಪ್ರಬಂಧದಲ್ಲಿ ತಮ್ಮ ಹೆಸರಿಗಿಂತ ಮುಂದೆ ನನ್ನ ಹೆಸರನ್ನು ಹಾಕಿದರು. ಬೇಡವೆಂದು ಎಷ್ಟು ಹೇಳಿದರೂ ಕೇಳದೆ, "ಕಂಬದೂರಿಗೆ ಬಸ್ಸು ಹತ್ತಿ ಹೋದವಳು ನೀನು ತಾನೆ?" ಎಂದು ಬಾಯಿ ಮುಚ್ಚಿಸಿದರು.

ನಿವೃತ್ತಿಯ ನಂತರ ಹತ್ತಿರದ ರೊದ್ದಂ ಊರಿನ ಹುಡುಗಿಯರಿಗೆ ವಾರಕ್ಕೆರಡು ದಿನ ಗಣಿತ ಹೇಳಿಕೊಡಲು ಅವರು ಈಗಾಗಲೇ ಒಪ್ಪಿದ್ದಾರೆ. ನಮ್ಮ ಗುರುಗಳು ನೂರು ವರ್ಷ ಬಾಳಲಿ, ಆರೋಗ್ಯದಿಂದಿರಲಿ, ಬರೆಯುತ್ತಲೇ ಇರಲಿ. ಇದಕ್ಕೆ ಆಧಾರವೇನೆಂದು ಮೇಡಂ ಖಂಡಿತ ಕೇಳುತ್ತಾರೆ. ಆಧಾರವಿಲ್ಲ ಮೇಡಂ, ಆಸೆ ಇದೆ. ಇದೊಂದು ಸಲ ಒಪ್ಪಿಕೊಳ್ಳಬೇಕು.