ಮೂರನೇ ಗೇಟಿನವನು

ಫುಟ್‌ಬಾಲ್ ಮೈದಾನದ ಮೂರನೇ ಗೇಟು ಕಾಯುತ್ತಲೇ ಅವನ ತಲೆ ನರೆತಿತ್ತು. ಮೂವತ್ತು ವರ್ಷ ಆಟಕ್ಕೆ ಬೆನ್ನು, ಜನಕ್ಕೆ ಮುಖ.

ಅವತ್ತು ಕ್ಷೌರದಂಗಡಿಯಲ್ಲಿ ಅಭಿಮಾನಿಗಳು ಹಳೇ ಗೋಲ್‌ಕೀಪರನ ಮಾನ ಹರಾಜು ಹಾಕುತ್ತಿದ್ದರು. ಈಗಿನ ತಂಡ ಸೋಮಾರಿಗಳ ಸಂತೆ ಅಂತ ಅವನು ಟೀವಿಯಲ್ಲಿ ಅಂದುಬಿಟ್ಟಿದ್ದ.

“ಉಂಡ ಮನೆಗೆ ಎರಡು ಬಗೆದ! ನಿಯತ್ತೇ ಇಲ್ಲ,” ಎಂದು ಮುಖದ ತುಂಬ ನೊರೆ ಹಚ್ಚಿಸಿಕೊಂಡಿದ್ದ ಮೇಷ್ಟ್ರು ಹಾರಾಡಿದರು.

ಬೆಂಚಿನಲ್ಲಿ ಸರದಿ ಕಾಯುತ್ತಿದ್ದ ಗೇಟಿನವನಿಗೆ ಮೈ ಉರಿಯಿತು. “ನಿಯತ್ತಿನ ಮಾತು ನಿಮಗ್ಯಾಕೆ ಮೇಷ್ಟ್ರೇ? ಸೋಲೋ ದಿನ ಆ ಬಾಯಿಬಡುಕ ಎಲ್ಲರಿಗಿಂತ ಕೊನೆಗೆ ಹೊರಗೆ ಬರ್ತಿದ್ದ. ಹತ್ತು ನಿಮಿಷದ ಆಟ ಬಾಕಿ ಇರುವಾಗಲೇ ‘ಬಸ್ಸು ತಪ್ಪುತ್ತೆ, ಗೇಟು ತೆಗಿಯಪ್ಪಾ’ ಅಂತ ಅಂಗಲಾಚ್ತಿದ್ದೋರು ನೀವು. ನಾನು ಆಟ ನೋಡಿಲ್ಲ, ನಿಜ. ಓಡಿಹೋಗೋರನ್ನ ಮಾತ್ರ ಒಬ್ಬೊಬ್ಬರನ್ನೂ ನೋಡಿದೀನಿ.”