ಕುವೈತಿನ ಬಾಣಂತನ

ನನ್ನ ತಂಗಿ ಗಿರಿಜೆಯ ಬಾಣಂತನವನ್ನು ನಾನು ಮಾಡಲಿಲ್ಲ. ಅವಳು ಹೆತ್ತಾಗ ಇದ್ದದ್ದು ನನ್ನ ಮನೆಯಲ್ಲೇ, ಕುವೈತಿನಲ್ಲಿ. ಅವ್ವ ತೀರಿಹೋಗಿದ್ದಳು. ಅವಳಿಗೆ ತವರು ಅಂತ ಉಳಿದಿದ್ದವಳು ನಾನೊಬ್ಬಳೇ.

ಬೇಸಿಗೆಯಲ್ಲಿ ಆ ಊರಿನ ತಣ್ಣೀರಿನ ನಲ್ಲಿ ತಿರುಗಿಸಿದರೆ ಕೈ ಸುಡುತ್ತದೆ. ಮೇಲಿನ ಟ್ಯಾಂಕು ಬಿಸಿಲಿಗೆ ಅಷ್ಟು ಕಾದಿರುತ್ತದೆ. ತಣ್ಣೀರು ಬೇಕಾದರೆ ಗೀಸರ್ ಆರಿಸಿ, ಅದರೊಳಗೆ ನಿಂತು ತಣಿದ ನೀರನ್ನು ಬಿಸಿನೀರಿನ ನಲ್ಲಿಯಿಂದ ಹಿಡಿಯಬೇಕು. ನಮ್ಮೂರು ಯಗಟಿಯಲ್ಲಿ ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು ಇದನ್ನು ಕಲಿತೆನಲ್ಲ, ಎಷ್ಟು ಜಂಬ ನನಗೆ!

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನ್ನ ಗಂಡ ಕ್ರೇನ್ ಮೆಕ್ಯಾನಿಕ್. ಗಿರಿಜೆಯ ಗಂಡ ಅದೇ ಕಂಪನಿಯಲ್ಲಿ ವೆಲ್ಡರ್. ಅವರಿಗೆ ಮನೆ ಸಿಗದೆ ನಮ್ಮ ಮನೆಯ ಒಂದು ಕೋಣೆಯಲ್ಲೇ ಇದ್ದರು. ಅಲ್ಲಿನ ಸಂಸಾರಸುಖ ಏನು ಹೇಳಲಿ? ಶುಕ್ರವಾರದ ರಜೆಯಲ್ಲಿ ಒಬ್ಬರ ಮನೆಗೊಬ್ಬರು ಹೋಗಿ ಫ್ರಿಜ್ಜಿನ ಬಾಗಿಲು ತೆಗೆದು ನೋಡುವುದು. ಊರಲ್ಲಿ ಗಂಡಹೆಂಡತಿ ಜಗಳ ಬಿಡಿಸಲು ಪಕ್ಕದ ಮನೆಯವರು ಬರುತ್ತಿದ್ದರು. ಅಲ್ಲಿ ಟಿವಿ ಸದ್ದು ಜೋರು ಮಾಡುತ್ತಿದ್ದರು. ನನ್ನ ಗಂಡನಿಗೆ ಮುದ್ದೆ ಎಂದರೆ ನಾಚಿಕೆ. ಖುಬ್ಬೂಸ್ ಎಂಬ ಅಲ್ಲಿಯ ರೊಟ್ಟಿಯನ್ನು ಹುರುಳಿ ಸಾರಿನಲ್ಲಿ ಅದ್ದಿಕೊಂಡು ಸಾಹೇಬನಾಗಿದ್ದ. ಅವನನ್ನು ಮೀರಿಸಿದವಳು ನಾನು. ಗೋಡೆಯಿಂದ ಗೋಡೆಗೆ ಹಾಸಿದ ಕಾರ್ಪೆಟ್ಟಿನ ಮೇಲೆ ಯಾರಾದರೂ ಒದ್ದೆ ಕಾಲಿಟ್ಟರೆ ಎದೆಯ ಮೇಲೇ ಇಟ್ಟಂತೆ ಕಿರುಚುತ್ತಿದ್ದೆ.

ಆಸ್ಪತ್ರೆಯಿಂದ ಕೂಸು ಎತ್ತಿಕೊಂಡು ಬಂದ ಗಿರಿಜೆ ಕೇಳಿದಳು: “ಅಕ್ಕಾ, ಹರಳೆಣ್ಣೆ ಹಚ್ಚಿ ನೀರು ಹಾಕ್ತೀಯಾ? ಸೊಂಟ ಬಿದ್ದೋಗ್ತೈತೆ.”

“ನಲ್ಲಿ ತಿರುಗ್ಸು, ಕಾದ ನೀರೇ ಬತ್ತೈತೆ. ಎಣ್ಣೆ ಕಾರ್ಪೆಟ್ಟಿಗೆ ಮೆತ್ಕೊಂಡ್ರೆ ಯಾರು ತೊಳೀತಾರೆ? ಇದು ಯಗಟಿ ಅಲ್ಲ ಕಣೇ.”

ನಮ್ಮ ಕಡೆ ಬಾಣಂತಿ ತಾನೇ ನೀರು ಹುಯ್ದುಕೊಳ್ಳುವುದಿಲ್ಲ. ಕಣ್ಣು ಮುಚ್ಚಿ ಕೂರುತ್ತಾಳೆ. ಇನ್ನೊಬ್ಬಳು ಬೆನ್ನು ನೀವಿ ಎರೆಯುತ್ತಾಳೆ. ಎರೆಯುವವರಿಲ್ಲ ಎಂದರೆ ತನ್ನವರು ಯಾರೂ ಇಲ್ಲ ಎಂದೇ ಲೆಕ್ಕ. ಇದು ನನಗೆ ಗೊತ್ತಿರಲಿಲ್ಲವೇ? ನನ್ನ ಬಾಣಂತನವನ್ನು ಅವ್ವ ಮಾಡಿದ್ದಳು. ಬಚ್ಚಲಿನಲ್ಲಿ ಗಿರಿಜೆ ಒಬ್ಬಳೇ ಅಳುವುದು ಕೇಳಿಸುತ್ತಿತ್ತು. ನಾನು ಕಾರ್ಪೆಟ್ಟಿಗೆ ಬ್ರಷ್ ಹೊಡೆಯುತ್ತಿದ್ದೆ.

ಕೂಸಿನ ಕತ್ತು ನಿಲ್ಲುವ ಮೊದಲೇ ಅವಳು ತರೀಕೆರೆಗೆ, ಅತ್ತೆಯ ಮನೆಗೆ ಹೊರಟುಹೋದಳು. ಆಮೇಲೆ ರಜೆಗೆ ಬಂದಾಗಲೆಲ್ಲ ಕಡೂರಿನಲ್ಲಿ ಇಳಿದು ನೇರ ಯಗಟಿಗೆ, ಅವ್ವನ ಖಾಲಿ ಮನೆಗೆ ಹೋಗುತ್ತಿದ್ದೆ. ತರೀಕೆರೆಯ ಬಸ್ಸು ಹತ್ತುತ್ತಿರಲಿಲ್ಲ. ಕುವೈತಿನಲ್ಲಿದ್ದಾಗ ಯಗಟಿ, ಯಗಟಿ ಎಂದು ಕೊರಗುವುದು. ಇಲ್ಲಿಗೆ ಬಂದರೆ ಧೂಳು, ನೊಣ ಎಂದು ಮೂಗು ಮುರಿಯುವುದು. ಎರಡು ಊರಿಗೂ ನಾನು ಬಂದು ಹೋಗುವವಳು, ಅಷ್ಟೇ.

ಹೋದ ವರ್ಷ ಕೊನೆಗೂ ತರೀಕೆರೆಯ ಬಸ್ಸು ಹತ್ತಿದೆ. ಗಿರಿಜೆ ಬಾಗಿಲಲ್ಲೇ ನಿಂತಳು.

“ಏನಮ್ಮಾ ದೊರೆಸಾನಿ, ದಾರಿ ತಪ್ಪಿ ಬಂದ್ಬಿಟ್ಯಾ?”

“ನಿಮ್ಮಕ್ಕ ಕಣೇ, ಒಳಕ್ಕೆ ಕರಿ,” ಎಂದರು ಹಣ್ಣುಹಣ್ಣಾದ ಅವಳ ಅತ್ತೆ.

“ತವರೇ ಇಲ್ಲ ಅಂದ್ಕೊಂಡು ಬಾಳ್ತಿದೀನಿ ಅತ್ತೆ. ಈಗ ಯಾವ ಅಕ್ಕ?”

ಬೀದಿಯವರು ನೋಡುತ್ತಿದ್ದರು. ನೋಡಲಿ ಎಂದುಕೊಂಡು ಗಟ್ಟಿಯಾಗಿಯೇ ಹೇಳಿದೆ:

“ನಾನು ನಿಂಗೆ ಅವ್ವ ಆಗಿ ನಿಲ್ಬೇಕಿತ್ತು ಗಿರಿಜಾ, ನಿಲ್ಲಲಿಲ್ಲ. ತಪ್ಪಾಯ್ತು ಕಣೇ.”