ನುಸಿಹುಳದ ಅಂಗಿ

ನಮ್ಮ ಮ್ಯೂಸಿಯಮ್ಮಿನ ಬಟ್ಟೆ ಉಗ್ರಾಣಕ್ಕೆ ಏಸಿ ಬಂದದ್ದು ಬಟ್ಟೆಗಳಿಗಾಗಿ ಅಲ್ಲ, ಕಂಪ್ಯೂಟರಿಗಾಗಿ. ಊರಿಗೆ ಊರೇ ಕಂಪ್ಯೂಟರಿನ ಜಪ ಮಾಡುತ್ತಿದ್ದ ಕಾಲ ಅದು. ಸಾಲ್ಟ್ ಲೇಕ್ ಬಡಾವಣೆಯ ಕಡೆ ಹೋದಾಗಲೆಲ್ಲ ಹೊಸದೊಂದು ಗಾಜಿನ ಕಟ್ಟಡ ಎದ್ದಿರುತ್ತಿತ್ತು. ನಮ್ಮಲ್ಲೂ ಎಲ್ಲ ವಸ್ತುಗಳ ಪಟ್ಟಿಯನ್ನು ಕಂಪ್ಯೂಟರಿಗೆ ಏರಿಸಬೇಕೆಂದು ಆಜ್ಞೆಯಾಯಿತು. ಅದಕ್ಕೆ ಸೆಕೆಯಾಗಬಾರದೆಂದು ಏಸಿ ಕೂರಿಸಿದರು. ಹಳೆಯ ರೇಷ್ಮೆ, ಉಣ್ಣೆಗಳು ಅಷ್ಟು ವರ್ಷ ಕೋಲ್ಕತ್ತಾದ ಸೆಕೆಯಲ್ಲಿ ಬೆಂದಾಗ ಯಾರಿಗೂ ಏನೂ ಅನ್ನಿಸಿರಲಿಲ್ಲ. ಅಂತೂ ಕಂಪ್ಯೂಟರಿನ ಪುಣ್ಯದಿಂದ ಅವಕ್ಕೂ ತಂಪಾಯಿತು.

ಆ ಬಟ್ಟೆಗಳನ್ನು ಹುಳುಹುಪ್ಪಟೆಯಿಂದ ಕಾಯುವುದು ನನ್ನ ಕೆಲಸ. ರೈಲ್ವೆಯಲ್ಲಿದ್ದ ಗಂಡನ ಜೊತೆ ಧಾರವಾಡದಿಂದ ಬಂದು ಬೆಹಾಲಾದಲ್ಲಿ ಮನೆ ಮಾಡಿದ್ದೆ. ಕೆಲಸ ಹೊಸದು, ಕೋಪ ಮಾತ್ರ ಹಳೆಯದು. ಯಾವಾಗಲೂ ಮೂಗಿನ ತುದಿಯಲ್ಲೇ ಇರುತ್ತಿತ್ತು.

ಉಗ್ರಾಣದ ಬೀಗದ ಕೈ ಒಬ್ಬ ಹಿರಿಯ ಅಟೆಂಡರ್ ಬಳಿ ಇತ್ತು. ಬಂಗಾಳಿ ರೂಢಿಯಂತೆ ನಾನು ಅವರನ್ನು ದಾದಾ, ಅಂದರೆ ಅಣ್ಣ, ಎನ್ನುತ್ತಿದ್ದೆ, ಅವರು ನನ್ನನ್ನು ದಿದಿ, ಅಂದರೆ ಅಕ್ಕ, ಎನ್ನುತ್ತಿದ್ದರು. ಈ ಊರಿನವರಿಗೆ ಚಳಿ ಎಂದರೆ ಹುಲಿ ಕಂಡಷ್ಟು ಹೆದರಿಕೆ. ಏಸಿ ಬಂದ ವಾರದಲ್ಲೇ ದಾದಾ ಒಂದು ಮಂಕಿ ಕ್ಯಾಪನ್ನೂ ಕಂದು ಬಣ್ಣದ ಮಫ್ಲರನ್ನೂ ತಂದು ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದರು. ಅದೂ ಮೇ ತಿಂಗಳಿನಲ್ಲಿ! ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಹದಿನೈದು ದಿನಕ್ಕೆ ನನಗೇ ಸೀನು ಹತ್ತಿಕೊಂಡಿತು. ಅತ್ತಿಗೆ ಹೆಣೆದುಕೊಟ್ಟಿದ್ದ ಗಿಳಿಹಸಿರು ಸ್ವೆಟರನ್ನು ತಂದು ಅದೇ ಮೊಳೆಗೆ ಹಾಕಿದೆ.

ಮರುವರ್ಷದ ಮಳೆಗಾಲದಲ್ಲಿ, ಹಿಮಾಲಯದ ಕಡೆಯ ಒಂದು ಮರೂನ್ ಉಣ್ಣೆಯ ನಿಲುವಂಗಿಯ ಪೆಟ್ಟಿಗೆ ತೆರೆದೆ. ಕೊರಳ ಪಟ್ಟಿಯ ಕೆಳಗೆ ಮೂರು ತೂತು. ಮಡಿಕೆಯಲ್ಲಿ ಅಕ್ಕಿಕಾಳಿನಷ್ಟುದ್ದದ ಚೀಲಗಳು ನಿಧಾನಕ್ಕೆ ತೆವಳುತ್ತಿದ್ದವು. ಒಂದು ಜಾತಿಯ ನುಸಿಹುಳ ಹೀಗೆಯೇ: ತಿಂದ ಉಣ್ಣೆಯ ಎಳೆಗಳಿಂದಲೇ ತನಗೊಂದು ಅಂಗಿ ನೇಯ್ದುಕೊಂಡು, ಹೋದಲ್ಲೆಲ್ಲ ಅದನ್ನು ಹೊತ್ತು ತಿರುಗುತ್ತದೆ.

ನಾನು ಹಿಂದೆಮುಂದೆ ನೋಡಲಿಲ್ಲ. "ನಿಮ್ಮ ಮಫ್ಲರಿನಿಂದಲೇ ಬಂದದ್ದು! ಎಣ್ಣೆ ಕೈ ಒರೆಸಿದ ಉಣ್ಣೆ ಕಂಡರೆ ಹುಳ ಬಿಡುತ್ತದೆಯೇ?" ಎಂದು ದಾದಾ ಮೇಲೆ ಹರಿಹಾಯ್ದೆ.

"ದಿದಿ, ನಾನು ಪ್ರತಿ ಭಾದ್ರಪದದಲ್ಲಿ ಅದನ್ನು ಬಿಸಿಲಿಗೆ ಹಾಕ್ತೀನಿ," ಎಂದರು ಅವರು, ಅರ್ಧ ಬಂಗಾಳಿ ಬೆರೆತ ಹಿಂದಿಯಲ್ಲಿ. ಬಂಗಾಳಿ ಮನೆಗಳಲ್ಲಿ ಆ ತಿಂಗಳು ರೇಷ್ಮೆ, ಉಣ್ಣೆ, ಪುಸ್ತಕ ಎಲ್ಲವನ್ನೂ ತಾರಸಿಯ ಮೇಲೆ ಹರಡುತ್ತಾರೆ. ನಾನು ಅದನ್ನು ಅಜ್ಜಿ ಮದ್ದು ಎಂದು ತಳ್ಳಿಹಾಕಿ, ನೇರ ಮುಖ್ಯಾಧಿಕಾರಿಗಳ ಕೋಣೆಗೆ ಹೋಗಿ ದೂರು ಕೊಟ್ಟೆ. ನಾಡಿದ್ದಿನಿಂದ ದಾದಾ ಗೇಟಿನ ಬಳಿ ಸೈಕಲ್ ಸ್ಟ್ಯಾಂಡ್ ಕಾಯಬೇಕೆಂದು ಆದೇಶವಾಯಿತು. ನಿವೃತ್ತಿಗೆ ಎಂಟು ತಿಂಗಳಿತ್ತು. ಮೂವತ್ತು ವರ್ಷ ಆ ಉಗ್ರಾಣವನ್ನು ಮಗುವಿನ ಹಾಗೆ ನೋಡಿಕೊಂಡವರು.

ಸಂಜೆ ನಿಲುವಂಗಿಯನ್ನು ಪಾಲಿಥೀನಿನಲ್ಲಿ ಗಾಳಿಯಾಡದಂತೆ ಸುತ್ತಿ ಡೀಪ್ ಫ್ರೀಜರಿನಲ್ಲಿಡಲು ತಯಾರು ಮಾಡಿದೆ. ಎರಡು ವಾರದ ಆ ಚಳಿಗೆ ಮೊಟ್ಟೆಯೂ ಉಳಿಯುವುದಿಲ್ಲ. ಅದಕ್ಕೆ ಮೊದಲು ವರದಿ ಬರೆಯಲೆಂದು ಒಂದು ಹುಳವನ್ನು ಭೂತಗನ್ನಡಿಯ ಕೆಳಗೆ ಇಟ್ಟೆ. ಈ ಹುಳ ಅಂಗಿಯನ್ನು ಎರಡೂ ತುದಿಗಳಲ್ಲಿ ಬೆಳೆಸುತ್ತ ಹೋಗುತ್ತದೆ. ಮೊದಲು ತಿಂದದ್ದು ನಡುವೆ ಉಳಿಯುತ್ತದೆ. ತುದಿಗಳು ಮರೂನ್. ನಡುವೆ ಅಚ್ಚ ಗಿಳಿಹಸಿರು.

ಬಾಗಿಲ ಹಿಂದೆ ಹೋಗಿ ನೋಡಿದೆ. ದಾದಾರ ಮಫ್ಲರಿನಲ್ಲಿ ಒಂದೂ ತೂತಿರಲಿಲ್ಲ. ವರ್ಷದಿಂದ ನೀರು ಬಿಸಿಲು ಕಾಣದ ನನ್ನ ಸ್ವೆಟರಿನ ಕಂಕುಳು ಜರಡಿಯಾಗಿತ್ತು. ಹುಳ ಹಿಡಿಯಲೆಂದೇ ಸಂಬಳ ತೆಗೆದುಕೊಳ್ಳುವವಳು ನಾನು. ನಾಚಿಕೆಯಿಂದ ಸತ್ತೆ.

ಮನೆಯಲ್ಲಿ ಗಂಡನಿಗೆ ಎಲ್ಲ ಹೇಳಿದೆ. "ತನ್ನ ತಾಟಿನ್ಯಾಗ ಹೆಗ್ಗಣ ಸತ್ತು ಬಿದ್ದಿದ್ರೂ ಮಂದಿ ತಾಟಿನ್ಯಾಗಿನ ನೊಣಾ ಹುಡುಕಿದಂಗ ಆತಲ್ಲ," ಎಂದು ನಕ್ಕರು. ನಾನು ನಗದ್ದನ್ನು ಕಂಡು ಮೆತ್ತಗಾದರು. "ನಿನ್ನ ನೌಕರಿ ಇನ್ನೂ ಕಾಯಂ ಆಗಿಲ್ಲ. ಹೇಳೂದು ಬಿಡೂದು ನಿನಗ ಬಿಟ್ಟಿದ್ದು. ಆದ್ರ ಹೇಳದ ಕುಂತ್ರ ನಿನಗ ಊಟ ಸೇರೂದಿಲ್ಲ, ನನಗ ಗೊತ್ತೈತಿ." ಆಗಲೇ ಸೇರಿರಲಿಲ್ಲ.

ಬೆಳಿಗ್ಗೆ ದಾದಾರನ್ನೂ ಕರೆದುಕೊಂಡು ಅಧಿಕಾರಿಗಳ ಮುಂದೆ ನಿಂತೆ. ಮೇಜಿನ ಮೇಲೆ ಸ್ವೆಟರು, ಭೂತಗನ್ನಡಿ, ಹುಳ ಮೂರನ್ನೂ ಇಟ್ಟು ಒಪ್ಪಿಕೊಂಡೆ. ಅವರು ಬಹಳ ಹೊತ್ತು ಭೂತಗನ್ನಡಿಯಲ್ಲಿ ನೋಡಿದರು. ಆಮೇಲೆ ಆದೇಶ ರದ್ದು ಮಾಡಿ, ನನಗೆ ಬೇಕಾದಷ್ಟು ಬೈದು, ಉಗ್ರಾಣದೊಳಗೆ ಇನ್ನು ಯಾರ ಉಣ್ಣೆಯೂ ಹೋಗಕೂಡದೆಂದು ನನ್ನ ಕೈಯಿಂದಲೇ ನೋಟೀಸು ಬರೆಸಿದರು. ಬೈಗುಳ ತಿಂದು ಅಷ್ಟು ಹಗುರಾದದ್ದು ನನ್ನ ಜನ್ಮದಲ್ಲಿ ಅದೊಂದೇ ಸಲ.

ಮೆಟ್ಟಿಲಿಳಿಯುವಾಗ ದಾದಾರ ಕ್ಷಮೆ ಕೇಳಿದೆ. ಅವರು ಬೀಗದ ಕೈಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತ, "ನನಗೆ ನಿನ್ನೆಯೇ ಗೊತ್ತಿತ್ತು ದಿದಿ. ನೀವು ಕೂಗಾಡಿ ಹೋದ ಮೇಲೆ ಮೊಳೆಯ ಹತ್ತಿರ ಹೋಗಿ ನೋಡಿದೆ," ಎಂದರು.

"ಮತ್ತೆ ಸಾಹೇಬರಿಗೆ ಯಾಕೆ ಹೇಳಲಿಲ್ಲ?"

"ನನ್ನನ್ನು ಏನು ಮಾಡ್ತಾರೆ? ಎಂಟು ತಿಂಗಳು ಸೈಕಲ್ ಕಾಯ್ತಿದ್ದೆ, ಅಷ್ಟೇ. ನಿಮ್ಮ ನೌಕರಿ ಇನ್ನೂ ಕಾಯಂ ಆಗಿಲ್ಲವಲ್ಲ."

ಅಷ್ಟು ಹೇಳಿ, ತಡವಾಯಿತೆಂದು ಗೊಣಗುತ್ತ ಅವರು ಉಗ್ರಾಣದ ಬಾಗಿಲು ತೆರೆಯಲು ಹೋದರು. ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತು, ಹೋಗಿಬರುವವರು ನೋಡುತ್ತಿದ್ದರೂ ಸೆರಗಿನಲ್ಲಿ ಕಣ್ಣೊರೆಸಿಕೊಂಡೆ.